ಆಳಂದದ ಸಂತೆ, ಮಲಾವಿಯ ತೊಗರಿ



ಈ ಹೊತ್ತಿಗೆ ಕೊಳಕೂರು ಹಳ್ಳಿಯಲ್ಲಿ ದನ ಕಟ್ಟಿ, ಊಟ ಮುಗಿಸಿ, ಕಟ್ಟೆಗೆ ಬಂದು ಕೂತಿರುತ್ತೀರಿ. ಜೇವರ್ಗಿ, ಅಫಜಲಪುರ, ಆಳಂದದ ಕಡೆಯವರೂ ಕೇಳುತ್ತಿರುತ್ತೀರಿ. ಇವತ್ತು ನಾನು ಮಾತಾಡುವುದು ಪರದೇಶದ ವ್ಯಾಪಾರ ಮತ್ತು ಪರದೇಶದ ಬಂಡವಾಳದ ಬಗ್ಗೆ. ಬೆಳೆಯುತ್ತಿರುವ ನಾಡಿಗೆ ಇವು ಕೈ ಕೊಟ್ಟು ಮೇಲೆತ್ತುತ್ತವೆಯೇ? ಎತ್ತಿದರೆ ಹೇಗೆ? ಇದು ದಿಲ್ಲಿ, ಮುಂಬೈಯವರ ಮಾತು, ನಮಗೇಕೆ ಅಂತ ರೇಡಿಯೋದ ಕಿವಿ ತಿರುವಬೇಡಿ. ನಿಮ್ಮ ಹೊಲದ ಬದುವಿಗೇ ಬರುತ್ತೇನೆ.

ಮೊದಲು ಐದೂವರೆ ಶತಮಾನದ ಹಿಂದಿನ ಒಂದು ಸಂಗತಿ.

ರಷ್ಯಾ ದೇಶದಲ್ಲಿ ವೋಲ್ಗಾ ನದಿಯ ದಂಡೆಗೆ ತ್ವೇರ್ ಅಂತ ಒಂದು ಊರು. ಆ ಊರಿನ ವ್ಯಾಪಾರಿ ಅಫನಾಸಿ ನಿಕಿತಿನ್. 1469ರ ಸುಮಾರಿಗೆ ಅವನು ಹೋರ್ಮುಜ್ ಬಂದರಿನಲ್ಲಿ ಹಡಗು ಹತ್ತಿದ. ಜೊತೆಗೆ ಮಾರಲಿಕ್ಕೆ ಒಂದು ಕುದುರೆ. ಕೊಂಕಣದ ಚೌಲ್ ಬಂದರಿನಲ್ಲಿ ಇಳಿದ. ಘಟ್ಟ ಹತ್ತಿ, ಜುನ್ನಾರ್ ದಾಟಿ, ಬೀದರಿಗೆ ಬಂದ. ಬೀದರ ಆಗ ಬಹಮನಿಗಳ ರಾಜಧಾನಿ. ಅವನು ಕಂಡಿದ್ದನ್ನೆಲ್ಲ ಬರೆದಿಟ್ಟ. ಅದರಲ್ಲಿ ಒಂದು ಸಂತೆಯ ವರ್ಣನೆ ಇದೆ. ಶೇಖ್ ಅಲಾವುದ್ದೀನರ ನೆನಪಿನಲ್ಲಿ ವರ್ಷಕ್ಕೊಮ್ಮೆ ಕೂಡುವ ಸಂತೆ. ಹತ್ತು ದಿನ ನಡೆಯುತ್ತದೆ. ದೇಶದ ನಾಲ್ಕೂ ಕಡೆಯಿಂದ ಜನ ಬರುತ್ತಾರೆ. 20 ಸಾವಿರದವರೆಗೆ ಕುದುರೆ ಮಾರಾಟಕ್ಕೆ ಬರುತ್ತವೆ. ಈ ನಾಡಿನಲ್ಲಿ ಇದಕ್ಕಿಂತ ಒಳ್ಳೆಯ ಸಂತೆ ಇಲ್ಲ ಅಂತ ಅವನು ಬರೆದ. ಆ ಸಂತೆ ಕೂಡುತ್ತಿದ್ದುದು ನಮ್ಮ ಆಳಂದದಲ್ಲಿ ಅನ್ನುತ್ತಾರೆ ವಿದ್ವಾಂಸರು. ಶೇಖ್ ಅಲಾವುದ್ದೀನರು ಅಂದರೆ ನೀವು ನಾವು ಕೈಮುಗಿಯುವ ಲಾಡ್ಲೆ ಮಶಾಯಕರು.

ಸ್ವಲ್ಪ ಕಣ್ಣು ಮುಚ್ಚಿ ನೆನೆಸಿಕೊಳ್ಳಿ. ಇಂದು ಬಸ್ಸು ನಿಲ್ಲುವ ಆಳಂದದ ಬಯಲಿನಲ್ಲಿ ಅರಬಸ್ತಾನದ ಕುದುರೆ, ಖುರಾಸಾನದ ಕುದುರೆ. ಅವುಗಳ ಸದ್ದು, ಅವುಗಳ ಮುಂದೆ ನಿಂತ ಹತ್ತು ಭಾಷೆಯ ದಲಾಲರು. ಆ ನಿಕಿತಿನ್ ಇನ್ನೊಂದು ಮಾತನ್ನೂ ಬರೆದಿದ್ದಾನೆ. ಇಲ್ಲಿ ಮೆಣಸು ಅಗ್ಗ, ಬಣ್ಣ ಅಗ್ಗ, ಆದರೆ ಸುಂಕ ಬಹಳ ಅಂತ ಅವನ ಸಂಕಟ. ಸುಂಕದ ದೂರು ಅಂದೂ ಇತ್ತು, ಇಂದೂ ಇದೆ.

ಅದೇ ಕಾಲಕ್ಕೆ ಬೀದರಿನಲ್ಲಿ ಇನ್ನೊಬ್ಬ ಹೊರಗಿನವನಿದ್ದ. ಹೆಸರು ಮಹಮೂದ್ ಗವಾನ್. ಇರಾನಿನ ಗೀಲಾನ್ ಪ್ರಾಂತದವನು. ವ್ಯಾಪಾರಕ್ಕೆ ಬಂದು, ಇಲ್ಲೇ ನಿಂತು, ರಾಜ್ಯದ ಪ್ರಧಾನಿಯಾದ. ಅವನ ಬಿರುದೇ ಮಲಿಕ್ ಉತ್ ತುಜ್ಜಾರ್, ಅಂದರೆ ವ್ಯಾಪಾರಿಗಳ ಒಡೆಯ. 1472ರಲ್ಲಿ ಅವನು ಬೀದರಿನಲ್ಲಿ ಮದರಸಾ ಕಟ್ಟಿಸಿದ. ದೂರದೂರದಿಂದ ಪಂಡಿತರನ್ನು ಕರೆಸಿದ. ಪುಸ್ತಕ ತರಿಸಿದ. ಆ ಕಟ್ಟಡದ ಒಂದು ಮಿನಾರು ಇಂದಿಗೂ ನಿಂತಿದೆ. ನೀಲಿ ಹೆಂಚಿನ ಚೂರುಗಳು ಇಂದಿಗೂ ಅದರ ಮೈಮೇಲೆ ಹೊಳೆಯುತ್ತವೆ.

ಈ ಎರಡು ಸಂಗತಿಗಳನ್ನು ಜೊತೆಗಿಟ್ಟು ನೋಡುತ್ತೇನೆ. 20 ಸಾವಿರ ಕುದುರೆ ಬಂದವು, ಮಾರಾಟವಾದವು, ದಂಡಿಗೆ ಸೇರಿದವು, ಸತ್ತವು. ಆಳಂದದ ಸುತ್ತಲಿನ ಒಕ್ಕಲಿಗನ ಮನೆಯಲ್ಲಿ ಅವುಗಳಿಂದ ಏನು ಉಳಿಯಿತು? ಹೆಚ್ಚೇನಿಲ್ಲ. ವ್ಯಾಪಾರಿಯೊಬ್ಬ ಕಟ್ಟಿಸಿದ ಕಲಿಕೆಯ ಮನೆ ಮಾತ್ರ ಎರಡು ಶತಮಾನದವರೆಗೆ ಜನರನ್ನು ತಯಾರು ಮಾಡಿತು. ಹೊರಗಿನ ಸರಕು, ಹೊರಗಿನ ದುಡ್ಡು ಬಂದಾಗಲೆಲ್ಲ ನನಗೆ ಕೇಳಬೇಕು ಅನಿಸುವುದು ಇದೇ. ಇಲ್ಲಿಂದ ಏನು ಒಯ್ದಿತು? ಇಲ್ಲಿ ಏನು ಬಿಟ್ಟಿತು?

ಇದೇ ಪ್ರಶ್ನೆ ಹಿಡಿದುಕೊಂಡು ಈಗ ಕುದುರೆ ಬಿಟ್ಟು ತೊಗರಿಗೆ ಬರೋಣ.

ಕಲಬುರಗಿಯನ್ನು ತೊಗರಿಯ ಕಣಜ ಅಂತ ಕರೆಯುತ್ತೇವೆ. ಜಿಲ್ಲೆಯಲ್ಲಿ ಮುಂಗಾರಿಗೆ ಬಿತ್ತುವ ನೆಲದಲ್ಲಿ ಅರ್ಧಕ್ಕಿಂತ ಹೆಚ್ಚು ತೊಗರಿಯೇ. ನಮ್ಮ ಎರೆ ಭೂಮಿಯ ಬೇಳೆಗೆ ಒಂದು ರುಚಿ ಇದೆ. ಬೇಗ ಬೇಯುತ್ತದೆ, ಸಾರಿಗೆ ಘಮ ಕೊಡುತ್ತದೆ. ಗುಲಬರ್ಗಾ ತೊಗರಿ ಬೇಳೆ ಅನ್ನುವ ಹೆಸರಿಗೆ 2019ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆಯೂ ಸಿಕ್ಕಿತು. ಇನ್ನು ದೇಶದ ಲೆಕ್ಕ. ಈಚಿನ ವರ್ಷಗಳಲ್ಲಿ ಭಾರತ ಬೆಳೆಯುವ ತೊಗರಿ ಸುಮಾರು 35 ಲಕ್ಷ ಟನ್. ನಾವೆಲ್ಲ ಕೂಡಿ ತಿನ್ನುವುದು ಸುಮಾರು 45 ಲಕ್ಷ ಟನ್. ನಡುವೆ 10 ಲಕ್ಷ ಟನ್ನಿನ ಕೊರತೆ. ನಿಮ್ಮ ಲೆಕ್ಕದಲ್ಲಿ ಹೇಳಬೇಕೆಂದರೆ ಒಂದು ಕೋಟಿ ಕ್ವಿಂಟಲ್. ಇದು ಹೊರಗಿನಿಂದ ಬರಬೇಕು.

ಎಲ್ಲಿಂದ ಬರುತ್ತದೆ? ಬರ್ಮಾದಿಂದ. ಅಂದರೆ ಇಂದಿನ ಮ್ಯಾನ್ಮಾರಿನಿಂದ. ಮೊಜಾಂಬಿಕ್, ತಾಂಜಾನಿಯಾ, ಮಲಾವಿ ಎಂಬ ಆಫ್ರಿಕಾದ ದೇಶಗಳಿಂದ. ಗಂಜಿಗೆ, ಅಂದರೆ ಧಾನ್ಯದ ಪೇಟೆಗೆ, ಹೋಗಿಬರುವವರಿಗೆ ಈ ಮಾಲಿನ ಹೆಸರು ಗೊತ್ತು. ಬರ್ಮಾದ್ದು ಲೆಮನ್. ತಾಂಜಾನಿಯಾದ್ದು ಅರುಷಾ, ಮಟವಾರಾ. ಮೊಜಾಂಬಿಕ್‌ನದು ಗಜರಿ. ಮಲಾವಿಯ ರೈತ ತನ್ನ ತೊಗರಿಯನ್ನು ನಂದೋಲೊ ಅಂತ ಕರೆಯುತ್ತಾನೆ. ಒಂದು ಮಾತು ಮರೆಯಬಾರದು. ತೊಗರಿಯ ಹುಟ್ಟೂರು ನಮ್ಮ ದೇಶವೇ. ಸಾವಿರಾರು ವರ್ಷಗಳ ಹಿಂದೆ ಇಲ್ಲಿಂದಲೇ ಅದು ಸಮುದ್ರ ದಾಟಿ ಆಫ್ರಿಕಾಕ್ಕೆ ಹೋಯಿತು. ಈಗ ಬರುತ್ತಿರುವುದು ಲಗ್ನವಾಗಿ ಹೋದ ಮಗಳು ತವರಿಗೆ ಬಂದ ಹಾಗೆ.

ತವರಿಗೆ ಬಂದ ಮಗಳು ಅಂದ ಮೇಲೆ ಬೇಡ ಅನ್ನುವುದು ಹೇಗೆ? ಬೇಡ ಅನ್ನಲೂ ಬಾರದು. 2014 ಮತ್ತು 2015, ಎರಡು ವರ್ಷ ಬೆನ್ನಿಗೆ ಬೆನ್ನು ಮಳೆ ಕೈಕೊಟ್ಟಿತು. 2015ರ ದಸರೆ, ದೀಪಾವಳಿಯ ಹೊತ್ತಿಗೆ ಪೇಟೆಯಲ್ಲಿ ಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿತು. ಆಗ ಊರೊಳಗೆ ಹೊಲವಿಲ್ಲದ ಮನೆಗಳ ಗತಿ ಏನಾಯಿತು, ನೆನೆಸಿಕೊಳ್ಳಿ. ಕೂಲಿಗೆ ಹೋಗುವ ತಾಯಿ ಬೇಳೆ ಕೊಂಡೇ ತಿನ್ನಬೇಕು. ಅವಳ ಗಡಿಗೆಯಲ್ಲಿ ಸಾರು ನೀರಾಯಿತು. ಮಕ್ಕಳ ಮೈಗೆ ಸತ್ವ ಬರುವುದೇ ಆ ಬೇಳೆಯಿಂದ. ಅಂಥ ವರ್ಷ ಹಡಗಿನಲ್ಲಿ ಬರುವ ತೊಗರಿ ಅನ್ನದಾನದಷ್ಟೇ ದೊಡ್ಡದು. ಹೊಲ ಇದ್ದವರು, ಹೊಲ ಇಲ್ಲದವರು, ಇಬ್ಬರೂ ಇರುವುದು ಒಂದೇ ಕೊಳಕೂರಿನಲ್ಲಿ. ಹೊರಗಿನ ಮಾಲಿಗೆ ಬಾಗಿಲು ಪೂರ್ತಿ ಹಾಕಿಬಿಡಿ ಅನ್ನುವವರ ಜೊತೆ ನಾನು ದನಿ ಕೂಡಿಸದಿರುವುದು ಇದಕ್ಕಾಗಿ.

ಆದರೆ ಮುಂದಿನ ವರ್ಷದ ಕಥೆ ಕೇಳಿ. 2016. ಬೆಲೆ ಏರಿದ್ದನ್ನು ಕಂಡ ರೈತರೆಲ್ಲ ತೊಗರಿಯನ್ನೇ ಬಿತ್ತಿದರು. ಮಳೆರಾಯನೂ ಒಲಿದ. ಅದೇ ಜುಲೈ ತಿಂಗಳಲ್ಲಿ ಭಾರತ ಸರ್ಕಾರ ಮೊಜಾಂಬಿಕ್ ದೇಶದೊಡನೆ ಒಪ್ಪಂದ ಮಾಡಿಕೊಂಡಿತು. ವರ್ಷಕ್ಕೆ 1 ಲಕ್ಷ ಟನ್ನಿನಿಂದ ಶುರುವಾಗಿ ಐದು ವರ್ಷದಲ್ಲಿ 2 ಲಕ್ಷ ಟನ್ನಿಗೆ ಏರುವ ಖರೀದಿ. ಅಲ್ಲಿಯ ರೈತನೂ ಬಿತ್ತಿದ. ರಾಶಿಯ ಹೊತ್ತಿಗೆ ನಮ್ಮ ದೇಶದ ಬೆಳೆ ಹಿಂದಿನ ವರ್ಷದ ಎರಡು ಪಟ್ಟಿನ ಹತ್ತಿರ, 49 ಲಕ್ಷ ಟನ್ನಿನ ಸುಮಾರು. ಅದರ ಮೇಲೆ ಹೊರಗಿನಿಂದ ಬಂದದ್ದು ಸುಮಾರು 7 ಲಕ್ಷ ಟನ್. ಸರ್ಕಾರದ ಬೆಂಬಲ ಬೆಲೆ ಕ್ವಿಂಟಲಿಗೆ 5,050 ರೂಪಾಯಿ. ಗಂಜಿನಲ್ಲಿ ಕೂಗಿದ್ದು 4,000ದ ಆಚೀಚೆ.

ಆ ವರ್ಷ ನಾನು ಒಂದು ಖರೀದಿ ಕೇಂದ್ರದ ಮುಂದೆ ಮೂರು ದಿನ ಕಳೆದೆ. ಟ್ರ್ಯಾಕ್ಟರುಗಳ ಸಾಲು ರಸ್ತೆಯವರೆಗೆ ಬಂದಿತ್ತು. ಗೋಣಿಚೀಲ ಬಂದಿಲ್ಲ ಅಂತ ತೂಕ ನಿಲ್ಲಿಸಿದ್ದರು. ಜನ ಚೀಲದ ಮೇಲೆಯೇ ಮಲಗಿದ್ದರು. ಪಕ್ಕದ ಅಡತಿ ಅಂಗಡಿಯ ಮುಂದೆ ಒಬ್ಬ ಹಿರಿಯರು ಕೇಳುತ್ತಿದ್ದರು: "ಯಾಕ್ರೀ ಸಾವ್ಕಾರ್ರ, ಮೊನ್ನಿಗಿಂತ ಐನೂರ ಕಡಿಮಿ ಮಾಡೀರಿ?" ಅಡತಿಯವರು ತಲೆ ತಗ್ಗಿಸಿ ಹೇಳಿದರು: "ಮದ್ರಾಸಿಗಿ ಬರ್ಮಾದ ಮಾಲ ಬಂದು ಬಿದ್ದದ ಕಾಕಾ. ನಾ ಏನ್ ಮಾಡ್ಲಿ, ನೀವೇ ಹೇಳ್ರಿ." ಆ ಹಿರಿಯರು ಸುಮ್ಮನೆ ಅವರ ಮುಖ ನೋಡಿದರು. ಬರ್ಮಾದಲ್ಲಿ ತೊಗರಿ ಬೆಳೆಯುತ್ತಾರೆ ಅನ್ನುವುದೇ ಅವರಿಗೆ ಆ ದಿನ ಗೊತ್ತಾದದ್ದು. ಆ ಮುಖ ನನ್ನ ಕಣ್ಣಿಂದ ಹೋಗಿಲ್ಲ. ಈ ಭಾಷಣ ಬರೆಯಲು ಕೂತದ್ದೂ ಅದರಿಂದಲೇ.

ಆಮೇಲೆ ಏನಾಯಿತು? 2017ರ ಮಾರ್ಚಿನಲ್ಲಿ ಶೇಕಡಾ 10 ಸುಂಕ ಬಂತು. ಆಗಸ್ಟಿನಲ್ಲಿ, ವರ್ಷಕ್ಕೆ 2 ಲಕ್ಷ ಟನ್ನಿಗಿಂತ ಹೆಚ್ಚು ತೊಗರಿ ತರಬಾರದು ಅಂತ ಮಿತಿ ಹಾಕಿದರು. ಇಲ್ಲಿಯ ರೈತ ಅಷ್ಟರಲ್ಲಿ ಮಾಲು ಮಾರಿ ಮುಗಿಸಿದ್ದ. ಅಲ್ಲಿಯ ರೈತನಿಗೆ ಮಾತ್ರ ಅದು ಸರಿಯಾಗಿ ಕೊಯ್ಲಿನ ಕಾಲ. ಭಾರತವನ್ನು ನಂಬಿ ಬಿತ್ತಿದ ಮೊಜಾಂಬಿಕ್‌ನ ಒಕ್ಕಲಿಗ ಬೆಳೆ ಕಿತ್ತು ರಾಶಿ ಹಾಕಿದಾಗ ಕೊಳ್ಳುವವರೇ ಇರಲಿಲ್ಲ. ಅವನ ಊರಿನಲ್ಲಿ ತೊಗರಿ ತಿನ್ನುವ ವಾಡಿಕೆ ಕಡಿಮೆ. ಒಂದೇ ವರ್ಷ, ಎರಡು ಖಂಡ, ಎರಡೂ ಕಡೆ ಅದೇ ಬೆಳೆಯ ರೈತ ಸೋತ.

ಇನ್ನೊಂದು ಸಂಗತಿ ನಿಮಗೆ ಹೇಳಲೇಬೇಕು. 2006ರಿಂದ 2017ರವರೆಗೆ, ಹನ್ನೊಂದು ವರ್ಷ, ನಮ್ಮ ತೊಗರಿ ಬೇಳೆ ಹೊರದೇಶಕ್ಕೆ ಹೋಗುವಂತಿರಲಿಲ್ಲ. ರಫ್ತಿಗೆ ನಿಷೇಧವಿತ್ತು. ಬೇಳೆ ಹೋಗುವ ಬಾಗಿಲು ಮುಚ್ಚಿತ್ತು, ಬರುವ ಬಾಗಿಲು ತೆರೆದಿತ್ತು. ಇಂಥ ಕಡೆ ಬೆಲೆ ಬಿದ್ದಾಗ ಮಾಲು ಹರಿದುಹೋಗಲು ದಾರಿಯೇ ಇರುವುದಿಲ್ಲ. ಬಾವಿಗೆ ನೀರು ಬರುವ ಸೆಲೆ ಇದ್ದು, ಎತ್ತುವ ಹಗ್ಗ ಇಲ್ಲದ ಹಾಗೆ.

ಇಲ್ಲಿಗೆ ಕಥೆ ಮುಗಿಯಲಿಲ್ಲ. 2021ರ ಮೇ ತಿಂಗಳಲ್ಲಿ ತೊಗರಿಗೆ ಬಾಗಿಲು ಮತ್ತೆ ತೆರೆಯಿತು. ಮಲಾವಿಯಿಂದ ವರ್ಷಕ್ಕೆ 50 ಸಾವಿರ ಟನ್, ಬರ್ಮಾದಿಂದ 1 ಲಕ್ಷ ಟನ್ ಅಂತ ಹೊಸ ಒಪ್ಪಂದಗಳಾದವು. 2022ರ ಕೊನೆಗೆ ನಮ್ಮ ಹೊಲಗಳಿಗೆ ನೆಟೆ ರೋಗ ಬಿತ್ತು. ಹೂವು, ಕಾಯಿ ತುಂಬಿದ ಗಿಡ ನಿಂತಲ್ಲೇ ಒಣಗಿತು. ಬೆಲೆ 10 ಸಾವಿರ ದಾಟಿತು, ಆದರೆ ಮಾರಲು ಎಷ್ಟೋ ಜನರ ಹತ್ತಿರ ಮಾಲೇ ಇರಲಿಲ್ಲ. 2025ರ ಜನವರಿಗೆ ಹೊಸ ಮಾಲು ಬಂದಾಗ ಬೆಲೆ ಮತ್ತೆ ಇಳಿಯಿತು. ಬೆಂಬಲ ಬೆಲೆ 7,550. ಅದರ ಮೇಲೆ ರಾಜ್ಯ ಸರ್ಕಾರ 450 ರೂಪಾಯಿ ಸೇರಿಸಿ 8,000 ಮಾಡಬೇಕಾಯಿತು.

ಇಷ್ಟು ಹೊತ್ತು ಕೇಳಿದ್ದನ್ನು ಎರಡು ಮಾತಿನಲ್ಲಿ ಕಟ್ಟಿಕೊಳ್ಳೋಣ. ಹೊರಗಿನ ತೊಗರಿ ಬಡವರ ಸಾರನ್ನು ಉಳಿಸಿತು. ಅದೇ ತೊಗರಿ, ಬರಬಾರದ ಹೊತ್ತಿನಲ್ಲಿ ಬಂದು, ಬೆಳೆದವನ ಬೆನ್ನು ಮುರಿಯಿತು. ತಪ್ಪು ತೊಗರಿಯದಲ್ಲ, ಹೊತ್ತಿನದು.

ಈಗ ಸರಕು ಬಿಟ್ಟು ಬಂಡವಾಳಕ್ಕೆ ಬರುತ್ತೇನೆ. ಬಂಡವಾಳ ಅಂದ ತಕ್ಷಣ ನಮಗೆ ಕಾರ್ಖಾನೆಯ ಚಿಮಣಿ ಕಣ್ಣಿಗೆ ಬರುತ್ತದೆ. ನಮ್ಮ ಈ ನೆಲಕ್ಕೆ ಹೊರಗಿನಿಂದ ಬಂದ ಬಂಡವಾಳದಲ್ಲಿ ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಯಾವುದು ಅಂತ ಕೇಳಿದರೆ, ನಾನು ಹೇಳುವುದು ಒಂದು ಹಿಡಿ ಬೀಜದ ಹೆಸರು.

ಹೈದರಾಬಾದಿನ ಹತ್ತಿರ ಪಟಾನ್‌ಚೆರು ಅಂತ ಊರಿದೆ. ಅಲ್ಲಿ 1972ರಲ್ಲಿ ಇಕ್ರಿಸ್ಯಾಟ್ ಎಂಬ ಅಂತಾರಾಷ್ಟ್ರೀಯ ಸಂಶೋಧನಾ ಕೇಂದ್ರ ಶುರುವಾಯಿತು. ಮಳೆ ಕಡಿಮೆ ಇರುವ ನಾಡುಗಳ ಬೆಳೆಗಾಗಿಯೇ ಹುಟ್ಟಿದ ಕೇಂದ್ರ. ಜೋಳ, ಸಜ್ಜೆ, ಕಡಲೆ, ಶೇಂಗಾ, ತೊಗರಿ. ಇದಕ್ಕೆ ಹಣ ಹಾಕಿದ್ದು ಹಲವು ದೇಶಗಳ ಸರ್ಕಾರಗಳು, ದತ್ತಿ ಸಂಸ್ಥೆಗಳು. ಆಗ ನಮ್ಮ ತೊಗರಿಗೆ ನೆಟೆ ರೋಗದ ಕಾಟ ವಿಪರೀತ. ಅಲ್ಲಿಯ ವಿಜ್ಞಾನಿಗಳು ನೆಟೆಯನ್ನು ತಡೆಯುವ ತಳಿಯೊಂದನ್ನು ಆರಿಸಿ ತೆಗೆದರು. ಕಾಗದದಲ್ಲಿ ಅದರ ಹೆಸರು ಐಸಿಪಿ 8863. 1986ರಲ್ಲಿ ಕರ್ನಾಟಕದಲ್ಲಿ ಅದನ್ನು ಬಿಡುಗಡೆ ಮಾಡಿದಾಗ ಇಟ್ಟ ಹೆಸರು ಮಾರುತಿ. ಹಿರಿಯರಿಗೆ ನೆನಪಿರಬೇಕು. ಆರೇಳು ವರ್ಷದಲ್ಲಿ ಈ ಭಾಗದ ತೊಗರಿ ಹೊಲಗಳಲ್ಲಿ ಅರ್ಧಕ್ಕಿಂತ ಹೆಚ್ಚಿನದರಲ್ಲಿ ಮಾರುತಿ ನಿಂತಿತ್ತು. ಅದನ್ನು ಹಬ್ಬಿಸಲು ದೊಡ್ಡ ಕಂಪನಿ ಬೇಕಾಗಲಿಲ್ಲ. ರೈತ ರೈತನಿಗೆ ಕೊಟ್ಟ. ಬೀಗರು ಬೀಗರಿಗೆ ಕೊಟ್ಟರು. ಮಗಳ ಮನೆಗೆ ಹೋದ ತಾಯಿ ಉಡಿಯಲ್ಲಿ ಕಟ್ಟಿಕೊಂಡು ಹೋದಳು.

ಹೊರಗಿನ ಹಣ ಒಂದು ನೆಲಕ್ಕೆ ಬಂದು, ನಾವು ಮತ್ತೆ ಮತ್ತೆ ಬಿತ್ತಬಹುದಾದ ತಿಳಿವಳಿಕೆಯನ್ನು ಬಿಟ್ಟುಹೋಯಿತು. ಲಾಭ ವಾಪಸ್ ಕೇಳಲಿಲ್ಲ. ಮುಂದೆ ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರದವರೇ ಟಿಎಸ್ 3ಆರ್‌ನಂಥ ತಳಿಗಳನ್ನು ತೆಗೆದರು. ಕಲಿತ ವಿದ್ಯೆ ಇಲ್ಲಿ ಬೇರು ಬಿಟ್ಟಿತು. 2022ರಲ್ಲಿ ನೆಟೆ ಮತ್ತೆ ಹೊಲ ಹೊಕ್ಕಾಗ ನನಗೆ ನೋವಾದದ್ದು ಇದಕ್ಕೇ. ಬೀಜದ ಸಂಶೋಧನೆ ಒಮ್ಮೆ ಮಾಡಿ ಮುಗಿಸುವ ಕೆಲಸವಲ್ಲ. ರೋಗ ಮೈ ಬದಲಿಸುತ್ತದೆ, ಬೀಜವೂ ಬದಲಾಗುತ್ತಿರಬೇಕು. ಕಾರ್ಖಾನೆಗೆ ಬಂಡವಾಳ ಹುಡುಕಿಕೊಂಡು ನಮ್ಮ ಮಂತ್ರಿಗಳು ದೇಶದೇಶ ತಿರುಗುತ್ತಾರೆ. ತೊಗರಿ ಬೀಜಕ್ಕಾಗಿ ಯಾರಾದರೂ ಹೊರಟಿದ್ದನ್ನು ನಾನು ಕೇಳಿಲ್ಲ.

ಬೀಜದ ಮಾತಾಯಿತು. ಇನ್ನು ಚಿಮಣಿಯ ಕಡೆಗೂ ನೋಡೋಣ. ಅದನ್ನು ಬಿಟ್ಟರೆ ಮಾತು ಅರ್ಧವಾಗುತ್ತದೆ.

ಚಿಂಚೋಳಿ ತಾಲ್ಲೂಕಿನ ಛತ್ರಸಾಲದಲ್ಲಿ ಒಂದು ಸಿಮೆಂಟ್ ಕಾರ್ಖಾನೆ ಇದೆ. ಅದು ಫ್ರಾನ್ಸಿನ ವಿಕಾ ಕಂಪನಿಯದು. ಲೂಯಿ ವಿಕಾ ಎಂಬ ಎಂಜಿನಿಯರ್ 1817ರಲ್ಲಿ ಕೃತಕ ಸಿಮೆಂಟಿನ ಗುಟ್ಟು ಕಂಡುಹಿಡಿದ. ಅವನ ಮಗ ಕಟ್ಟಿದ ಕಂಪನಿ ಇದು. ಇನ್ನೂರು ವರ್ಷದ ಆ ವಿದ್ಯೆ ನಮ್ಮ ಸುಣ್ಣದ ಕಲ್ಲನ್ನು ಹುಡುಕಿಕೊಂಡು ಇಲ್ಲಿಯವರೆಗೆ ಬಂತು. ವಾಡಿಯ ಕಾರ್ಖಾನೆಯಲ್ಲಿ ಸ್ವಿಟ್ಜರ್ಲೆಂಡಿನ ಹೋಲ್ಸಿಮ್ 2005ರಲ್ಲಿ ಬಂಡವಾಳ ಹೂಡಿತು, 2022ರಲ್ಲಿ ಮಾರಿ ಹೊರಟುಹೋಯಿತು. ಬಂಡವಾಳದ ಸ್ವಭಾವವೇ ಹಾಗೆ. ಅದು ಬರುತ್ತದೆ, ಹೋಗುತ್ತದೆ. ಕಲ್ಲುಗಣಿಯ ಗುಂಡಿ ಇಲ್ಲೇ ಇರುತ್ತದೆ. ಅಲ್ಲಿ ಫಿಟ್ಟರ್ ಆದವನ, ವೆಲ್ಡರ್ ಆದವನ ಕೈಕಸುಬೂ ಇಲ್ಲೇ ಇರುತ್ತದೆ.

ಅಫಜಲಪುರದವರಿಗೆ ಇನ್ನೂ ಹತ್ತಿರದ ಉದಾಹರಣೆ ಗೊತ್ತು. ಹವಳಗಾದ ಸಕ್ಕರೆ ಕಾರ್ಖಾನೆ. ಅದು ರೇಣುಕಾ ಶುಗರ್ಸ್ ಕಂಪನಿಯದು. ಬೆಳಗಾವಿಯವರು 1998ರ ಹೊತ್ತಿಗೆ ಕಟ್ಟಿದ ಕಂಪನಿ. ನಮ್ಮವರೇ ಕಟ್ಟಿದ ಈ ಕಂಪನಿ 2010ರಲ್ಲಿ ಬ್ರೆಜಿಲ್ ದೇಶಕ್ಕೆ ಹೋಗಿ ಅಲ್ಲಿಯ ಸಕ್ಕರೆ ಕಾರ್ಖಾನೆಗಳನ್ನು ಕೊಂಡಿತು. ಉತ್ತರ ಕರ್ನಾಟಕದ ಕಂಪನಿಯೊಂದು ಅಷ್ಟು ದೂರ ಹೋದದ್ದು ಸಣ್ಣ ಧೈರ್ಯವಲ್ಲ. ಆದರೆ ಲೋಕದಲ್ಲಿ ಸಕ್ಕರೆ ಬೆಲೆ ಕುಸಿಯಿತು. ಸಾಲ ಬೆಳೆಯಿತು. 2014ರಲ್ಲಿ ಸಿಂಗಾಪುರದ ವಿಲ್ಮರ್ ಕಂಪನಿ ಹಣ ಹಾಕಿತು, 2018ರಲ್ಲಿ ಹೆಚ್ಚಿನ ಪಾಲು ಅದರದಾಯಿತು. ಹೀಗಾಗಿ ಭೀಮಾ ನದಿ ದಂಡೆಯ ಕಬ್ಬು ಇಂದು ಸಿಂಗಾಪುರದ ಬಂಡವಾಳದಲ್ಲಿ ನುರಿಯುತ್ತದೆ.

ಇದರಿಂದ ಒಳ್ಳೆಯದಾಯಿತೆ? ಕಾರ್ಖಾನೆ ಮುಚ್ಚದೆ ನಡೆದದ್ದು ಒಳ್ಳೆಯದೇ. ಕಬ್ಬು ಕಡಿಯುವವರಿಗೆ, ಲಾರಿಯವರಿಗೆ, ಹೋಟೆಲಿನವರಿಗೆ ಹಂಗಾಮು ಸಿಕ್ಕಿತು. ಇದನ್ನು ನಾನು ಸಣ್ಣದು ಅನ್ನುವುದಿಲ್ಲ. ಆದರೆ ಒಯ್ದದ್ದರ ಲೆಕ್ಕವನ್ನೂ ಹಾಕಬೇಕು. ಒಂದು ಕಿಲೋ ಸಕ್ಕರೆ ತಯಾರಾಗಲು ಹೊಲದಿಂದ ಹಿಡಿದು ಒಂದೂವರೆ ಸಾವಿರ ಲೀಟರಿಗಿಂತ ಹೆಚ್ಚು ನೀರು ಬೇಕು. ಸೊನ್ನ ಬ್ಯಾರೇಜಿನ ಹಿಂದೆ ನಿಂತ ನೀರು ಬೇಸಿಗೆಗೆ ಎಷ್ಟು ಉಳಿಯುತ್ತದೆ ಅಂತ ದಂಡೆಯ ಊರಿನವರಿಗೆ ಗೊತ್ತು. ಮೇಲಿನ ಉಜನಿ ಅಣೆಕಟ್ಟಿನಿಂದ ನೀರು ಬಿಡಿ ಅಂತ ನಾವು ಮಹಾರಾಷ್ಟ್ರಕ್ಕೆ ಪತ್ರ ಬರೆಯುತ್ತೇವೆ. ಸಕ್ಕರೆ ಚೀಲ ಪರದೇಶಕ್ಕೆ ಹೋದರೆ ಅದರ ಜೊತೆಗೆ ಭೀಮೆಯೂ ಹೋಗುತ್ತಾಳೆ. ತೊಗರಿ ಹಾಗಲ್ಲ. ಅದು ಎರೆಯ ಹಸಿಯನ್ನೇ ಕುಡಿದು ಬೆಳೆಯುತ್ತದೆ, ಉದುರಿಸಿದ ಎಲೆಯನ್ನು ನೆಲಕ್ಕೇ ಗೊಬ್ಬರವಾಗಿ ಕೊಡುತ್ತದೆ. ಯಾವುದನ್ನು ಮಾರಬೇಕು, ಯಾವುದನ್ನು ಕೊಳ್ಳಬೇಕು ಅಂತ ತೀರ್ಮಾನಿಸಲು ಹೊರಡುವ ನಾಡು ತನ್ನ ನೀರಿನ ಲೆಕ್ಕವನ್ನು ಮೊದಲು ಕೈಯಲ್ಲಿ ಹಿಡಿದಿರಬೇಕು.

ಕುದುರೆ ನೋಡಿದೆವು, ತೊಗರಿ ನೋಡಿದೆವು, ಬೀಜ, ಸಿಮೆಂಟು, ಸಕ್ಕರೆ ನೋಡಿದೆವು. ಇನ್ನು ಕೈಗಳ ಮಾತು ಉಳಿದಿದೆ. ದುಡಿಯುವ ಕೈ, ಕಲಿತ ಕೈ.

ಬಾಂಗ್ಲಾದೇಶ ಹುಟ್ಟಿದ್ದು 1971ರಲ್ಲಿ. ಹುಟ್ಟಿದಾಗ ಕೈ ಬರಿದು. ಅಲ್ಲಿಯ ದೇಶ್ ಗಾರ್ಮೆಂಟ್ಸ್ ಎಂಬ ಕಂಪನಿ ದಕ್ಷಿಣ ಕೊರಿಯಾದ ದೇವೂ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡಿತು. 1979ರಲ್ಲಿ 130 ಜನರನ್ನು ಕೊರಿಯಾದ ಬುಸಾನ್ ಪಟ್ಟಣಕ್ಕೆ ಕಳಿಸಿತು. ಅವರು ಆರು ತಿಂಗಳು ಅಲ್ಲಿದ್ದು ಅಂಗಿ ಹೊಲಿಯುವುದು, ಕತ್ತರಿಸುವುದು, ಲೆಕ್ಕ ಇಡುವುದು, ಹೊರದೇಶಕ್ಕೆ ಕಳಿಸುವ ಕಾಗದಪತ್ರ ಮಾಡುವುದು, ಎಲ್ಲ ಕಲಿತರು. ವಾಪಸ್ ಬಂದು ಕೆಲಸ ಶುರು ಮಾಡಿದರು. ಮುಂದಿನ ಹತ್ತು ವರ್ಷದಲ್ಲಿ ಅವರಲ್ಲಿ ಬಹುತೇಕರು ಆ ಕಂಪನಿ ಬಿಟ್ಟರು. ಕೆಲವರು ತಾವೇ ಕಾರ್ಖಾನೆ ತೆರೆದರು, ಉಳಿದವರು ಬೇರೆ ಕಾರ್ಖಾನೆಗಳಿಗೆ ಹೋಗಿ ಕಲಿಸಿದರು. ಇವತ್ತು ಆ ದೇಶದ ರಫ್ತಿನಲ್ಲಿ ಐದರಲ್ಲಿ ನಾಲ್ಕು ಪಾಲು ಉಡುಪು. ಲಕ್ಷ ಲಕ್ಷ ಹೆಣ್ಣುಮಕ್ಕಳು ಮೊದಲ ಸಲ ತಮ್ಮ ಹೆಸರಿನ ಸಂಬಳ ಎಣಿಸಿದರು. ಇದಕ್ಕೆಲ್ಲ ಮೊಳಕೆಯಾದದ್ದು 130 ಜನರ ಆ ಆರು ತಿಂಗಳು.

ಅದೇ ದೇಶದಲ್ಲಿ 2013ರಲ್ಲಿ ರಾಣಾ ಪ್ಲಾಜಾ ಎಂಬ ಕಟ್ಟಡ ಕುಸಿಯಿತು. ಗೋಡೆ ಬಿರಿದಿದೆ ಅಂತ ಗೊತ್ತಿದ್ದೂ ಕೆಲಸಕ್ಕೆ ಕರೆದಿದ್ದರು. 1,100ಕ್ಕೂ ಹೆಚ್ಚು ಜನ ಸತ್ತರು. ಹೊಲಿಗೆ ಕಲಿಸಿದ ವ್ಯಾಪಾರ ಅವರ ಜೀವದ ಬೆಲೆ ಕಲಿತಿರಲಿಲ್ಲ.

ಇದನ್ನು ಈಗ ಯಾಕೆ ಹೇಳುತ್ತಿದ್ದೇನೆ ಅಂದರೆ, ಕಲಬುರಗಿಗೂ ಉಡುಪು ಬರುತ್ತಿದೆ. 2023ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ದೇಶದ ಏಳು ಕಡೆ ಪಿಎಂ ಮಿತ್ರ ಜವಳಿ ಪಾರ್ಕ್ ಘೋಷಿಸಿತು. ಏಳರಲ್ಲಿ ಕಲಬುರಗಿ ಒಂದು. ಸುಮಾರು 1,000 ಎಕರೆ ನೆಲ. ನೂಲುವುದು, ನೇಯುವುದು, ಬಣ್ಣ ಹಾಕುವುದು, ಹೊಲಿಯುವುದು, ಎಲ್ಲ ಒಂದೇ ಆವರಣದಲ್ಲಿ ಅನ್ನುವ ಯೋಜನೆ. ಸ್ವದೇಶದ, ಪರದೇಶದ ಕಂಪನಿಗಳನ್ನು ಕರೆಯುತ್ತಿದ್ದಾರೆ. ಒಂದು ಪಾರ್ಕಿನಿಂದ 1 ಲಕ್ಷ ಜನರಿಗೆ ನೇರ ಕೆಲಸ ಅನ್ನುವುದು ಸರ್ಕಾರದ ಲೆಕ್ಕ. ಜೇವರ್ಗಿಯ ಎರೆಯಲ್ಲಿ ಹತ್ತಿ ಬೆಳೆಯುತ್ತದೆ. ಬೇಸಿಗೆ ಬಂದರೆ ನಮ್ಮ ಊರುಗಳ ಹುಡುಗರು, ಹೆಣ್ಣುಮಕ್ಕಳು ಬಸ್ಸು ಹತ್ತಿ ಮುಂಬೈ, ಪುಣೆ, ಬೆಂಗಳೂರು, ಹೈದರಾಬಾದಿಗೆ ದುಡಿಯಲು ಹೋಗುತ್ತಾರೆ. ಮನೆಗೆ ಬೀಗ, ಅಜ್ಜಿಯ ಹತ್ತಿರ ಮಕ್ಕಳು. ಆ ಬೀಗಗಳನ್ನು ತೆಗೆಸುವ ಶಕ್ತಿ ಆ ಪಾರ್ಕಿಗೆ ಇದೆ.

ಆದರೆ ಕರಾರು ಮಾಡಿಕೊಳ್ಳುವಾಗಲೇ ಕೇಳಬೇಕಾದದ್ದನ್ನು ಕೇಳಬೇಕು. ನೆಲ ಕೊಟ್ಟೆವು, ನೀರು ಕೊಟ್ಟೆವು, ಸುಂಕ ಬಿಟ್ಟೆವು. ಬರುವ ಕಂಪನಿ ಕೊಳಕೂರಿನ ಎಷ್ಟು ಹುಡುಗಿಯರನ್ನು ಹೊಲಿಗೆಯ ಯಂತ್ರದ ಆಚೆಗೆ ಕಲಿಸುತ್ತದೆ? ವಿನ್ಯಾಸ, ಯಂತ್ರ ದುರಸ್ತಿ, ಲೆಕ್ಕ, ರಫ್ತಿನ ವ್ಯವಹಾರ, ಇವನ್ನು ಕಲಿಸುವ ಶಾಲೆ ಆ ಆವರಣದೊಳಗೆ ಇರುತ್ತದೆಯೇ? ಇದು ಆಗದ ಮಾತಲ್ಲ. ಜಪಾನಿನ ಟೊಯೊಟಾ ಬಿಡದಿಗೆ ಬಂದದ್ದು 1997ರಲ್ಲಿ. ಹತ್ತು ವರ್ಷ ಕಳೆದು, 2007ರಲ್ಲಿ, ಅದು ಅಲ್ಲಿಯೇ ತಾಂತ್ರಿಕ ತರಬೇತಿ ಶಾಲೆ ತೆರೆಯಿತು. ಹತ್ತನೇ ತರಗತಿ ಮುಗಿಸಿದ ಹಳ್ಳಿಯ ಬಡ ಮಕ್ಕಳನ್ನು ಆರಿಸಿ, ಮೂರು ವರ್ಷ ಊಟ, ವಸತಿ ಕೊಟ್ಟು ಕಲಿಸುತ್ತದೆ. ಬಿಡದಿಯಲ್ಲಿ ಆದದ್ದು ಕಲಬುರಗಿಯಲ್ಲಿ ಆಗಬೇಕು. ಹತ್ತು ವರ್ಷ ಕಾಯಿಸದೆ ಮೊದಲ ವರ್ಷವೇ ಆಗಬೇಕು.

ಇಲ್ಲಿ ಏನು ಉಳಿಯುತ್ತದೆ ಅನ್ನುವ ಪ್ರಶ್ನೆ ದಾಲ್ ಮಿಲ್ಲುಗಳಿಗೂ ಸಲ್ಲುತ್ತದೆ. ಹೊರಗಿನ ತೊಗರಿ ಮುಂಬೈ, ಚೆನ್ನೈ ಬಂದರಿನಲ್ಲಿ ಇಳಿಯುತ್ತದೆ. ಬಂದರಿನ ಹತ್ತಿರದ ಮಿಲ್ಲಿಗೆ ಅದು ಅಗ್ಗ. ಕಲಬುರಗಿಯವರೆಗೆ ತರಲು ಲಾರಿ ಬಾಡಿಗೆ ಕೂಡುತ್ತದೆ. ನಮ್ಮ ಮಾಲು ಡಿಸೆಂಬರಿನಿಂದ ಮಾರ್ಚಿನವರೆಗೆ ಬರುತ್ತದೆ. ಆಫ್ರಿಕಾದ ಮಾಲು ಆಗಸ್ಟಿನ ನಂತರ. ನಮ್ಮ ಮಿಲ್ಲುಗಳು ಖಾಲಿ ಕೂಡುವ ತಿಂಗಳಲ್ಲಿ ಆ ಮಾಲು ಇಲ್ಲಿಗೆ ಬಂದು ಬೇಳೆಯಾಗುವಂತಿದ್ದರೆ, ಹಮಾಲರಿಗೆ ವರ್ಷವಿಡೀ ಕೆಲಸ. ಹೊಟ್ಟು, ನುಚ್ಚು ದನಗಳಿಗೆ. ನಮ್ಮ ಬೇಳೆ ನಮ್ಮ ಹೆಸರಿನಲ್ಲೇ ಬೇರೆ ಚೀಲದಲ್ಲಿ ಹೋಗಬೇಕು, ಹೊರಗಿನದರ ಜೊತೆ ಬೆರೆಯಬಾರದು. 2019ರಲ್ಲಿ ಸಿಕ್ಕ ಮನ್ನಣೆಗೆ ಅರ್ಥ ಬರುವುದು ಆಗಲೇ.

ಹೀಗೆ ಮಾತಾಡುತ್ತ ಸಮಯದ ಅಂಚಿಗೆ ಬಂದಿದ್ದೇನೆ. ಹೊತ್ತಿನ ಮಾತೊಂದು ಉಳಿದಿದೆ. ತಪ್ಪು ಹೊತ್ತಿನದು ಅಂತ ಆಗಲೇ ಹೇಳಿದೆ. ಅದನ್ನು ಸರಿಪಡಿಸಲು ಬರುತ್ತದೆ.

ತೊಗರಿಯ ಆಮದಿಗೆ ಸುಂಕ ಇದೆಯೋ ಇಲ್ಲವೋ ಅನ್ನುವ ಆದೇಶ ಸಾಮಾನ್ಯವಾಗಿ ಮಾರ್ಚ್ ಕೊನೆಯ ಲೆಕ್ಕಕ್ಕೆ ಹೊರಡುತ್ತದೆ. ಕೆಲವು ಸಲ ನಡುವೆಯೂ ಬದಲಾಗುತ್ತದೆ. ರೈತ ಬಿತ್ತುವುದು ಜೂನ್, ಜುಲೈಯಲ್ಲಿ. ಮಾರುವುದು ಮುಂದಿನ ಜನವರಿ, ಫೆಬ್ರವರಿಯಲ್ಲಿ. ಬಿತ್ತುವ ದಿನ ಅವನ ಕೈಗೆ ಕೊಟ್ಟ ಮಾತು ಮಾರುವ ದಿನದವರೆಗೆ ನಿಲ್ಲಬೇಕು. ಇಷ್ಟು ಮಾಲು ತರಿಸುತ್ತೇವೆ, ಈ ತಿಂಗಳಲ್ಲಿ ತರಿಸುತ್ತೇವೆ, ಗಂಜಿನ ಬೆಲೆ ಬೆಂಬಲ ಬೆಲೆಗಿಂತ ಇಳಿದರೆ ಸುಂಕ ತಾನಾಗಿ ಏರುತ್ತದೆ, ಪೇಟೆಯ ಬೇಳೆ ಬಡವರ ಕೈ ಮೀರಿದರೆ ತಾನಾಗಿ ಇಳಿಯುತ್ತದೆ. ಹೀಗೆ ಮೊದಲೇ ಬರೆದಿಟ್ಟರೆ ಇಲ್ಲಿಯವನೂ ಲೆಕ್ಕ ಹಾಕಿ ಬಿತ್ತುತ್ತಾನೆ, ಮಲಾವಿಯವನೂ ಲೆಕ್ಕ ಹಾಕಿ ಬಿತ್ತುತ್ತಾನೆ.

ಬಾನುಲಿಯವರಿಗೂ ನನ್ನದೊಂದು ವಿನಂತಿ. ದಿನಾ ಪೇಟೆ ಧಾರಣೆ ಓದುತ್ತೀರಿ. ಕಲಬುರಗಿ, ಜೇವರ್ಗಿ, ಆಳಂದದ ದರ ಹೇಳುತ್ತೀರಿ. ಅದರ ಜೊತೆಗೆ ಚೆನ್ನೈ ಬಂದರಿನ ಲೆಮನ್ ತೊಗರಿಯ ದರವನ್ನೂ ಓದಿ. ಮುಂಬೈಗೆ ಬಂದ ಆಫ್ರಿಕಾದ ಮಾಲಿನ ದರ ಓದಿ. ಮೊಜಾಂಬಿಕ್‌ನಲ್ಲಿ ಈ ವರ್ಷ ಮಳೆ ಹೇಗಾಯಿತು, ಬರ್ಮಾದಲ್ಲಿ ಎಷ್ಟು ಬಿತ್ತಿದರು, ಅದನ್ನೂ ಎರಡು ಮಾತಿನಲ್ಲಿ ಹೇಳಿ. ಅಡತಿಯವರ ಮೊಬೈಲಿಗೆ ಈ ಸುದ್ದಿ ಬೆಳಗ್ಗೆಯೇ ಬರುತ್ತದೆ. ಕಾಕಾನಿಗೂ ಬರಲಿ.

ಬರುವ ಮೃಗಶಿರಾ ಮಳೆ ಬಿದ್ದು ಕೊಳಕೂರಿನಲ್ಲಿ ಕೂರಿಗೆ ಹೂಡುವ ಮೊದಲು ಈ ಓದು ಶುರುವಾಗಬೇಕು.